ಅಮೆರಿಕನ್ ಕಂಪನಿಯ ಚುನಾವಣಾ ದುಡ್ಡು: ಯಾವ ಸೈಟ್ ನೋಡಬೇಕು?

ಬೆಳ್ಳಂದೂರಿನ ಆಫೀಸಲ್ಲಿ ಕೂತು, ನಿಮ್ಮ ಅಮೆರಿಕನ್ ಕಂಪನಿ ವಾಷಿಂಗ್ಟನ್‌ನಲ್ಲಿ ಯಾರಿಗೆ ದುಡ್ಡು ಕೊಡುತ್ತಿದೆ ಅಂತ ತಿಳಿಯಬೇಕಾ?

ಸುಮ್ನೆ ಕುತೂಹಲಕ್ಕಾದರೆ ಓಪನ್‌ಸೀಕ್ರೆಟ್ಸ್ ಅನ್ನೋ ಸೈಟ್ ಸಾಕು. ಕಂಪನಿ ಹೆಸರು ಹಾಕಿದರೆ ದೇಣಿಗೆ, ಲಾಬಿ ಖರ್ಚು (ಸರ್ಕಾರದ ನಿರ್ಧಾರಗಳ ಮೇಲೆ ಪ್ರಭಾವ ಬೀರಲು ಮಾಡುವ ಖರ್ಚು) ಎರಡೂ ಒಟ್ಟಿಗೆ ಸಿಗುತ್ತವೆ. ಆದರೆ ದೇಣಿಗೆಯ ಮೊತ್ತ ನೋಡಿ ಬೆಚ್ಚಬೇಡಿ. ಫೆಡರಲ್ ಅಂದರೆ ರಾಷ್ಟ್ರಮಟ್ಟದ ಚುನಾವಣೆಯ ಅಭ್ಯರ್ಥಿಗೆ ಕಂಪನಿ ತನ್ನ ಖಜಾನೆಯಿಂದ ನೇರವಾಗಿ ಕೊಡುವಂತಿಲ್ಲ. ಆ ಲೆಕ್ಕದಲ್ಲಿ ಕಂಪನಿಯ ಪ್ಯಾಕ್ (ನೌಕರರಂಥವರಿಂದ ದೇಣಿಗೆ ಕೂಡಿಸಿ ಅಭ್ಯರ್ಥಿಗಳಿಗೆ ಕೊಡುವ ಸಮಿತಿ) ಕೊಟ್ಟದ್ದರ ಜೊತೆಗೆ ನೌಕರರು ಸ್ವಂತ ಜೇಬಿಂದ ಕೊಟ್ಟದ್ದೂ ಸೇರಿರುತ್ತದೆ. ಅಲ್ಲಿನ ಒಬ್ಬ ಇಂಜಿನಿಯರ್ ತನಗಿಷ್ಟದವರಿಗೆ 250 ಡಾಲರ್ ಕೊಟ್ಟರೆ ಅದು ಕಂಪನಿಯ ನಿಲುವಾ? ಅಲ್ವಲ್ಲ.

ಇದನ್ನು ಬಿಡಿಸಿ ನೋಡಲು ಅಲ್ಲಿನ ಚುನಾವಣಾ ದೇಣಿಗೆಯ ಲೆಕ್ಕ ಇಡುವ ಸರ್ಕಾರಿ ಸಂಸ್ಥೆ ಫೆಡರಲ್ ಎಲೆಕ್ಷನ್ ಕಮಿಷನ್‌ನ ಸೈಟೇ ಬೇಕು. 200 ಡಾಲರ್ ದಾಟಿದ ದಾನಿಯ ಹೆಸರಿನ ಪಕ್ಕ ಅವರು ಕೆಲಸ ಮಾಡುವ ಕಂಪನಿಯ ಹೆಸರೂ ಇರುತ್ತದೆ. ಪ್ಯಾಕ್ ಯಾವ ತಾರೀಖು ಯಾರಿಗೆ ಎಷ್ಟು ಕೊಟ್ಟಿತು ಅನ್ನುವುದೂ ಸಿಗುತ್ತದೆ. ತಾಳ್ಮೆ ಬೇಕು ಅಷ್ಟೇ. ಒಂದೇ ಕಂಪನಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ.

ಲಾಬಿ ಲೆಕ್ಕ ಅಲ್ಲಿಲ್ಲ. ಅದಕ್ಕೆ ಸೆನೆಟ್ ಸೈಟಿನಲ್ಲಿರುವ ಮೂರು ತಿಂಗಳ ವರದಿ ತೆಗೆಯಿರಿ. ಯಾವ ವಿಷಯಕ್ಕೆ, ಯಾರ ಮೂಲಕ, ಒಟ್ಟು ಎಷ್ಟು ಖರ್ಚು ಎಲ್ಲ ಇರುತ್ತದೆ. ನನ್ನ ಮಟ್ಟಿಗೆ ಪ್ರಭಾವದ ಸುಳಿವು ಜಾಸ್ತಿ ಸಿಗುವುದು ಇಲ್ಲೇ. ಬೆಂಗಳೂರಿನವರು ಮೊದಲು ವಲಸೆ ವಿಷಯದ ವರದಿಗಳಲ್ಲಿ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಹುಡುಕಿ.