ಮ್ಯೂಸಿಯಂ ಸಾಮಾನು ಸಾಗಿಸಲು ಪ್ಯಾಕರ್ಸ್‌ನವರು: ಕಲ್ಲಿಗೆ ಸೈ, ಓಲೆಗರಿಗೆ ಬೇಡ

5ಕ್ಕೆ 3 ಸ್ಟಾರ್. ಬರೀ ಕಲ್ಲಿನ ಕೆಲಸ ಆಗಿದ್ದರೆ ಪೂರ್ತಿ 5 ಕೊಡುತ್ತಿದ್ದೆ.

ಗದಗ ಹತ್ತಿರ ನಾನು ಕೆಲಸ ಮಾಡುವ ಇತಿಹಾಸ ಮ್ಯೂಸಿಯಂ ತುಂಬಾ ಹಳೇದು. ಹಂಚು ಸೋರುತ್ತಿತ್ತು, ಗೋಡೆಗೆ ಬುಡದಿಂದ ತೇವ ಏರಿತ್ತು, ವೈರಿಂಗ್ ಯಾವ ಕಾಲದ್ದೋ ಏನೋ. ರಿಪೇರಿಗೆ ಮೊದಲು ಒಳಗಿದ್ದದ್ದನ್ನೆಲ್ಲ ಪಕ್ಕದ ಕಟ್ಟಡಕ್ಕೆ ಸಾಗಿಸಲು ಹುಬ್ಬಳ್ಳಿಯಿಂದ ಒಂದು ಪ್ಯಾಕರ್ಸ್ ಅಂಡ್ ಮೂವರ್ಸ್‌ನವರನ್ನು ಕರೆಸಿದೆವು. ಹೆಸರು ಬೇಡ ಬಿಡಿ.

ವೀರಗಲ್ಲು, ಬಿಡಿ ಮೂರ್ತಿಗಳನ್ನು ಎತ್ತಿದ್ದು ಮಾತ್ರ ನೋಡುವ ಹಾಗಿತ್ತು. ನಮ್ಮ ಕಡೆ ಕಲ್ಯಾಣ ಚಾಲುಕ್ಯರ ಕಾಲದ ಮೂರ್ತಿಗಳು ಹೆಚ್ಚಾಗಿ ಬಳಪದ ಕಲ್ಲಿನವು. ಲಕ್ಕುಂಡಿ ಗುಡಿಗಳಲ್ಲಿ ಅಷ್ಟು ನಾಜೂಕಾದ ಕೆತ್ತನೆ ಸಾಧ್ಯವಾಗಿದ್ದೇ ಈ ಕಲ್ಲು ಮೆತ್ತಗಿರುವುದರಿಂದ, ಆದರೆ ಅದೇ ಕಾರಣಕ್ಕೆ ಸರಪಳಿ ತಾಗಿದರೂ ಸಾಕು, ಗೀರು ಬೀಳುತ್ತದೆ. ಇವರ ಮೇಸ್ತ್ರಿ ಸರಪಳಿ ಪಕ್ಕಕ್ಕೆ ಎಸೆದು ಅಗಲವಾದ ಬಟ್ಟೆ ಬೆಲ್ಟ್ ತರಿಸಿದರು. ಮೂರ್ತಿಯ ತೋಳು, ಕಿರೀಟ ಯಾರೂ ಹಿಡಿಯಬಾರದು, ಪೀಠದ ಕೆಳಗೇ ಕೈ ಹಾಕಬೇಕು ಅಂತ ಹುಡುಗರಿಗೆ ಬೈದು ಬೈದು ಹೇಳಿದರು. ಎಲ್ಲೆಲ್ಲಿ ಮುರಿದು ಅಂಟಿಸಿದೆ ಅಂತ ಎತ್ತುವ ಮೊದಲೇ ನಮ್ಮನ್ನು ಕೇಳಿದರು. ಅಷ್ಟು ಕಾಳಜಿ ಇರುತ್ತದೆ ಅಂದುಕೊಂಡಿರಲಿಲ್ಲ.

ಓಲೆಗರಿ ಕಪಾಟಿನ ಹತ್ತಿರ ಬಂದರು ನೋಡಿ, ಅಲ್ಲಿ ಕೆಟ್ಟಿತು. ಅದಕ್ಕೆ ಬೇರೆ ಹುಡುಗರು. ಕಟ್ಟುಗಳನ್ನು ಹಳೇ ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು, ಬ್ರೌನ್ ಟೇಪ್ ಎಳೆಯಲು ಶುರು. ಒಂದು ಕಟ್ಟಿನಲ್ಲಂತೂ ಟೇಪನ್ನು ನೇರ ಗರಿಗಳ ಮೇಲೆ ಕೆಳಗೆ ಇಡುವ ಮರದ ಪಟ್ಟಿಗೇ ಅಂಟಿಸಿದ್ದರು, ಕೀಳಲು ಹೋದರೆ ನಮ್ಮ ನಂಬರ್ ಚೀಟಿಯೂ ಕಿತ್ತು ಬಂತು. ಪತ್ರಿಕೆ ಕಾಗದದಲ್ಲಿ ಆಸಿಡ್ ಅಂಶ ಇರುತ್ತದೆ, ಮಸಿಯೂ ಹತ್ತುತ್ತದೆ. ಪ್ಲಾಸ್ಟಿಕ್ ಒಳಗೆ ತೇವ ಸಿಕ್ಕಿಕೊಂಡರೆ ಬೂಸ್ಟು, ಮಳೆಗಾಲದಲ್ಲಿ ಕೇಳಲೇಬೇಡಿ. ಒಣಗಿದ ಗರಿಗೆ ದಾರ ಜಾಸ್ತಿ ಬಿಗಿದರೂ ಅಂಚು ಪಟ್ ಅಂತ ಮುರಿಯುತ್ತದೆ. ನಿಲ್ಲಿಸಿ ಅಂದರೆ, "ಗಾಜಿನ ಸಾಮಾನಿಗೂ ಹಿಂಗ ಕಟ್ಟತೇವ್ರಿ ಸರ, ಏನೂ ಆಗಂಗಿಲ್ಲ" ಅನ್ನುವ ಉತ್ತರ. ಲಕ್ಕುಂಡಿಯ ಅತ್ತಿಮಬ್ಬೆ ಒಂದು ಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತಾರೆ, ನಮ್ಮ ಹತ್ತಿರ ಇರುವುದು ಒಂದೊಂದೇ ಪ್ರತಿ ಮಾರಾಯ್ರೇ! ಕೊನೆಗೆ ಎಲ್ಲ ಬಿಚ್ಚಿ, ಗಂಜಿ ಹೋಗುವ ಹಾಗೆ ಒಗೆದ ಕೋರಾ ಬಟ್ಟೆಯಲ್ಲಿ ನಾವೇ ಸುತ್ತಿದೆವು.

ಕಾಗದಪತ್ರದ ಕೆಲಸ ಇನ್ನೂ ಸಪ್ಪೆ. ಪಟ್ಟಿಯಲ್ಲಿ "ಮೂರ್ತಿ ದೊಡ್ಡದು, ಮೂರ್ತಿ ಸಣ್ಣದು" ಅಷ್ಟೇ. ಫೋಟೋ ಇಲ್ಲ, ಮೊದಲೇ ಇದ್ದ ಬಿರುಕಿನ ವಿವರ ಇಲ್ಲ. ಇನ್ಶೂರೆನ್ಸ್ ಕಾಗದದಲ್ಲಿ "ಮನೆ ಸಾಮಾನು" ಅಂತ ಬರೆದಿದ್ದರು. ಏನಾದರೂ ಒಡೆದಿದ್ದರೆ ಯಾರನ್ನು ಕೇಳುವುದು?

ಈಗ ಬಣ್ಣ ಮುಗಿದಿದೆಯಲ್ಲ, ವಾಪಸ್ ಯಾವಾಗ ಇಡೋಣ ಅಂತ ಪ್ಯಾಕರ್ಸ್‌ನವರಿಂದ ದಿನಾ ಫೋನು. ಹೊಸ ಗಿಲಾವು ಆರಲು ವಾರಗಟ್ಟಲೆ ಬೇಕು. ಹೊಸ ಪ್ಲೈವುಡ್ ಷೋಕೇಸಿನ ವಾಸನೆಯೂ ಇನ್ನೂ ಹೋಗಿಲ್ಲ, ಮುಚ್ಚಿದ ಗಾಜಿನೊಳಗೆ ಅದೇ ಗಾಳಿ ನಿಂತರೆ ಸೀಸದ ನಾಣ್ಯಗಳಿಗೆ ಬಿಳಿ ಪುಡಿ ಹಿಡಿಯುತ್ತದೆ. ಅವಸರ ಅವರದ್ದು, ಸಾಮಾನು ನಮ್ಮದು. ಕಲ್ಲು ಇಡಲು ಅದೇ ಮೇಸ್ತ್ರಿ ಬರಬೇಕು, ಪ್ರತಿ ಮೂರ್ತಿಗೆ ನಂಬರ್ ಮತ್ತು ಫೋಟೋ ಇರುವ ಪಟ್ಟಿ ಬೇಕು, ಆಮೇಲೇ ಅಡ್ವಾನ್ಸ್ ಅಂತ ಹೇಳಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.