97 ಸೆಕೆಂಡು, ಎರಡು ಗೋಲು, ಗಿರಗಿರನೆ ತಿರುಗುವ ಒಂದು ಚಕ್ರ

2022ರ ಡಿಸೆಂಬರ್ 18. ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವೆ ವಿಶ್ವಕಪ್ ಫೈನಲ್. 79ನೇ ನಿಮಿಷ, ಅರ್ಜೆಂಟೀನಾ 2–0 ಮುಂದೆ. ನಮ್ಮ ನಡುಮನೆಯಲ್ಲಿ ಸರಿಯಾಗಿ ಒಂದು ತಂಡಕ್ಕಾಗುವಷ್ಟು ಜನ, ಹನ್ನೊಂದು ಮಂದಿ. ಎದುರಿಗೆ 55 ಇಂಚಿನ ಹೊಸ ಟಿವಿ. ಟಿವಿಯ ತುಂಬ ಅರ್ಧ ಬಾಗಿ ನಿಂತ ಆಟಗಾರನೊಬ್ಬನ ಬೆನ್ನು, ಆ ಬೆನ್ನಿನ ಮೇಲೆ ಗಿರಗಿರನೆ ತಿರುಗುವ ಬಿಳಿ ಚಕ್ರ. ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು ಕೇಳಿತು. ನಾವು ಮುಖ ಮುಖ ನೋಡಿಕೊಂಡೆವು. ಅದು ಅಡಗುವಷ್ಟರಲ್ಲಿ ಇನ್ನೊಂದು ಕೂಗು, ಮೊದಲಿನದಕ್ಕಿಂತ ದೊಡ್ಡದು. ಕೊನೆಗೂ ಚಕ್ರ ಮಾಯವಾಗಿ ಚಿತ್ರ ಅಲುಗಾಡಿದಾಗ ಪರದೆಯ ಮೂಲೆಯಲ್ಲಿ 2–2 ಎಂದಿತ್ತು.

ಫ್ರಾನ್ಸ್‌ನ ಎಂಬಾಪೆ 97 ಸೆಕೆಂಡುಗಳ ಅಂತರದಲ್ಲಿ ಹೊಡೆದ ಆ ಎರಡು ಗೋಲುಗಳನ್ನು ಜಗತ್ತೆಲ್ಲ ನೋಡಿತು. ನಾನು ನೋಡಿದ್ದು ಚಕ್ರವನ್ನು.

ದೊಡ್ಡ ಪಂದ್ಯವನ್ನು ಮನೆಯಲ್ಲೇ ಎಚ್‌ಡಿಯಲ್ಲಿ ನೋಡೋಣ ಎಂದು ನಾಲ್ಕು ಜನರನ್ನು ಕರೆಯುವ ಆಲೋಚನೆ ಇರುವವರು ಇದನ್ನು ಓದಿ. ಅಂದು ನಾನು ಮಾಡಿದ ತಪ್ಪುಗಳಲ್ಲಿ ಒಂದೂ ಅಪರೂಪದ್ದಲ್ಲ. ಅವೆಲ್ಲ ಒಂದೇ ದಿನ ಸಾಲುಗಟ್ಟಿ ಬಂದದ್ದು ಮಾತ್ರ ನನ್ನ ಅದೃಷ್ಟ.

ಟಿವಿ ಕೊಂಡು ಮೂರು ತಿಂಗಳಾಗಿತ್ತು. 3840 ಅಡ್ಡಕ್ಕೆ 2160 ಉದ್ದಕ್ಕೆ, ಒಟ್ಟು 80 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆಗಳು, ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಮೂರು ತಿಂಗಳಲ್ಲಿ ಅದರಲ್ಲಿ ನೋಡಿದ್ದು ಬರೀ ಸುದ್ದಿ ಮತ್ತು ಧಾರಾವಾಹಿ. ಮುಖಗಳು ಹತ್ತಿರದಿಂದ ಕಾಣುವ, ಯಾರೂ ಓಡದ ಕಾರ್ಯಕ್ರಮಗಳಲ್ಲಿ ಚಿತ್ರದ ಬಡತನ ಬಯಲಾಗುವುದಿಲ್ಲ. ಬಯಲು ಮಾಡಲು ಫುಟ್ಬಾಲ್ ಬೇಕಾಯಿತು.

ಮೊದಲಾರ್ಧದಲ್ಲಿ ಎಲ್ಲರೂ ಮರ್ಯಾದೆಗೆ ಸುಮ್ಮನಿದ್ದರು. ಬಾಯಿ ಬಿಟ್ಟವನು ಅಣ್ಣನ ಮಗ, ಹನ್ನೆರಡು ವರ್ಷದವನು. "ಚಿಕ್ಕಪ್ಪ, ಚೆಂಡು ಎಲ್ಲಿದೆ?"

ನಗಬೇಡಿ, ಲೆಕ್ಕ ಹಾಕಿ. ಫುಟ್ಬಾಲಿನ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ಮುಖ್ಯ ಕ್ಯಾಮೆರಾ ಒಮ್ಮೆಗೆ ಮೈದಾನದ 50 ಮೀಟರ್‌ನಷ್ಟು ಅಗಲವನ್ನು ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. 1920 ಪಿಕ್ಸೆಲ್ ಅಗಲದ ಪೂರ್ಣ ಎಚ್‌ಡಿ ಚಿತ್ರದಲ್ಲಿ ಆ ಚೆಂಡಿಗೆ ಸಿಗುವುದು ಎಂಟು ಪಿಕ್ಸೆಲ್. 720 ಪಿಕ್ಸೆಲ್ ಅಗಲದ ಹಳೆಯ ಸಾಧಾರಣ ಚಿತ್ರದಲ್ಲಿ ಸಿಗುವುದು ಮೂರು. ಮೂರು ಚುಕ್ಕೆಯ ಚೆಂಡು ಗೆರೆಯ ಸುಣ್ಣದ ಮೇಲೆ ಬಂದರೆ ಗೆರೆಯಾಗುತ್ತದೆ, ಬಿಳಿ ಕಾಲುಚೀಲದ ಪಕ್ಕ ಬಂದರೆ ಕಾಲುಚೀಲವಾಗುತ್ತದೆ. ಹುಡುಗನ ಪ್ರಶ್ನೆ ನ್ಯಾಯವಾದದ್ದೇ.

ಉತ್ತರವನ್ನೂ ಅವನೇ ಹುಡುಕಿದ. ಮೊಬೈಲ್ ಟಾರ್ಚ್ ಹಿಡಿದು ಟಿವಿಯ ಹಿಂದೆ ತಲೆ ತೂರಿಸಿ, "ಚಿಕ್ಕಪ್ಪ, ಇಲ್ಲಿ ಹಳದಿ, ಕೆಂಪು, ಬಿಳಿ ತಂತಿ ಇದೆ" ಎಂದ. ಹಳೆಯ ಟಿವಿಗೆ ಸಿಕ್ಕಿಸಿದ್ದ ತಂತಿಯನ್ನೇ ನಾನು ಹೊಸದಕ್ಕೂ ಸಿಕ್ಕಿಸಿದ್ದೆ. ಕೆಂಪು, ಬಿಳಿಯಲ್ಲಿ ಬರುವುದು ಧ್ವನಿ. ಚಿತ್ರವೆಲ್ಲ ಬರುವುದು ಆ ಒಂದು ಹಳದಿ ತಂತಿಯಲ್ಲಿ. ಅದು ಎಚ್‌ಡಿಯನ್ನು ಹೊರುವುದೇ ಇಲ್ಲ. ಸೆಟ್‌ಟಾಪ್ ಬಾಕ್ಸಿನ ಮೇಲೆ ಎಚ್‌ಡಿ ಎಂದು ಬರೆದಿತ್ತು, ಟಿವಿಯ ಅಂಚಿನಲ್ಲಿ ಅದಕ್ಕಿಂತ ದೊಡ್ಡ ಹೆಸರಿತ್ತು. ನಡುವಿನ ಒಂದು ಗಜ ತಂತಿ ಎರಡನ್ನೂ ಸುಳ್ಳು ಮಾಡಿತ್ತು. 80 ಲಕ್ಷ ಪಿಕ್ಸೆಲ್‌ಗಳ ಪರದೆಗೆ ನಾನು ಮೂರು ತಿಂಗಳಿನಿಂದ ಬಡಿಸುತ್ತಿದ್ದದ್ದು ನಾಲ್ಕು ಲಕ್ಷದಷ್ಟು.

ಇನ್ನೊಂದು ಎಡವಟ್ಟನ್ನು ನಾವಾಗ ಗುರುತಿಸಲೇ ಇಲ್ಲ. 36ನೇ ನಿಮಿಷದಲ್ಲಿ ಅರ್ಜೆಂಟೀನಾದ ಡಿ ಮರಿಯಾ ಮುಗಿಸಿದ ಗೋಲು ನೆನಪಿದೆಯೇ? ಒಬ್ಬರಿಂದೊಬ್ಬರಿಗೆ ಚಕಚಕನೆ ಸಾಗಿ ಬಂದ ಆ ಚೆಂಡಿಗೆ ನಮ್ಮ ಟಿವಿಯಲ್ಲಿ ಬಾಲ ಬೆಳೆದಿತ್ತು. ಒಂದೆರಡು ಬಾರಿ ನಡುದಾರಿಯಲ್ಲೇ ಮಾಯವಾಗಿ ಮುಂದಿನ ಕಾಲಿನ ಬಳಿ ಹುಟ್ಟಿತು. ಟಿವಿಯೊಳಗೆ ಚಲನೆಯನ್ನು ನಯಗೊಳಿಸುವ ಒಂದು ಸೌಲಭ್ಯ ಇರುತ್ತದೆ. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವೊಂದನ್ನು ಅದು ಊಹಿಸಿ ತುಂಬಿಸುತ್ತದೆ. ಚಿಕ್ಕ ಚೆಂಡು ವೇಗವಾಗಿ ಓಡುವಾಗ ಊಹೆ ತಪ್ಪುತ್ತದೆ. ಹೊಸ ಟಿವಿಗಳಲ್ಲಿ ಇದು ಅನೇಕ ವೇಳೆ ತಾನಾಗಿಯೇ ಚಾಲೂ ಆಗಿರುತ್ತದೆ. 'ಸ್ಪೋರ್ಟ್ಸ್' ಎಂಬ ಹೆಸರಿನ ಚಿತ್ರವಿಧಾನವನ್ನು ನಂಬಿ ಒತ್ತಿದರೆ ಕೆಲವು ಟಿವಿಗಳಲ್ಲಿ ಇದು ಇನ್ನೂ ಜೋರಾಗುತ್ತದೆ, ಹುಲ್ಲು ಪ್ಲಾಸ್ಟಿಕ್ಕಿನಂತೆ ಹೊಳೆಯತೊಡಗುತ್ತದೆ. ನನ್ನದರಲ್ಲಿ ಎರಡೂ ಆಗಿತ್ತು.

ವಿರಾಮದ 15 ನಿಮಿಷ ಸಿಕ್ಕಿತಲ್ಲ, ಎಲ್ಲವನ್ನೂ ಸರಿಮಾಡಿಬಿಡುತ್ತೇನೆ ಎಂದು ತೋಳು ಮಡಿಚಿದೆ. ಅಲ್ಲಿಂದ ಶುರುವಾಯಿತು ನಿಜವಾದ ಅನಾಹುತ. ಕಾಣುತ್ತಿದ್ದ ಪಂದ್ಯವನ್ನು ಕಾಣದಂತೆ ಮಾಡಿದವನು ನಾನೇ.

ಮೊದಲು ಸೆಟ್‌ಟಾಪ್ ಬಾಕ್ಸಿಗೆ ಎಚ್‌ಡಿಯನ್ನು ಹೊರಬಲ್ಲ ಎಚ್‌ಡಿಎಂಐ ತಂತಿ ಹಾಕಿದೆ. ರಿಮೋಟಿನ ಮಾಹಿತಿ ಗುಂಡಿ ಒತ್ತಿದರೆ 1080 ಎಂದು, ಅಂದರೆ ಪೂರ್ಣ ಎಚ್‌ಡಿ ಎಂದು, ತೋರಿಸಿತು. ಗೆದ್ದೆ ಅಂದುಕೊಂಡೆ. ಚಿತ್ರ ಮಾತ್ರ ಹಾಗೆಯೇ ಮಂಕು. ಬಾಕ್ಸು ತನಗೆ ಬಂದ ಸಾಧಾರಣ ಚಿತ್ರವನ್ನೇ ಹಿಗ್ಗಿಸಿ 1080 ಎಂದು ಕಳುಹಿಸುತ್ತದೆ; ಟಿವಿ ಪಾಪ, ತನಗೆ ಬಂದದ್ದನ್ನು ಹೇಳುತ್ತದೆ. ನಾವು ನೋಡುತ್ತಿದ್ದದ್ದು ವಾಹಿನಿಯ ಸಾಧಾರಣ ಆವೃತ್ತಿ. ಎಚ್‌ಡಿ ಆವೃತ್ತಿಯ ಸಂಖ್ಯೆ ಬೇರೆ, ಅದರ ಚಂದಾ ಬೇರೆ, ನಾನು ಅದನ್ನು ಕಟ್ಟಿರಲಿಲ್ಲ.

ಆಗ ಲ್ಯಾಪ್‌ಟಾಪ್ ತಂದೆ. ತಂತಿ ಚಿಕ್ಕದೆಂದು ನಡುವೆ ಹಳೆಯ ಅಡಾಪ್ಟರ್ ಒಂದನ್ನು ಸೇರಿಸಿದೆ. ಧ್ವನಿ ಬಂತು, ಚಿತ್ರ ಕಪ್ಪು. ವೀಕ್ಷಕ ವಿವರಣೆಗಾರ ಗಂಟಲು ಹರಿದುಕೊಳ್ಳುತ್ತಿದ್ದಾನೆ, ಹನ್ನೊಂದು ಜನ ಕಪ್ಪು ಗಾಜಿನಲ್ಲಿ ತಮ್ಮದೇ ಮುಖ ನೋಡುತ್ತಿದ್ದಾರೆ. ಚಿತ್ರ ಕದಿಯುವುದನ್ನು ತಡೆಯಲು ಎಚ್‌ಡಿಸಿಪಿ ಎಂಬ ರಕ್ಷಣೆ ಇದೆ. ತಂತಿಯ ಎರಡೂ ತುದಿಯ ಯಂತ್ರಗಳು ಪರಸ್ಪರ ಗುರುತು ಹಿಡಿದರಷ್ಟೇ ಚಿತ್ರ ದಾಟುತ್ತದೆ. ನಡುವೆ ಗುರುತುಚೀಟಿ ಇಲ್ಲದ ಅಡಾಪ್ಟರ್ ಕುಳಿತರೆ ಬಾಗಿಲು ಮುಚ್ಚುತ್ತದೆ. ಅದನ್ನು ಕಿತ್ತೆ, ಲ್ಯಾಪ್‌ಟಾಪನ್ನು ಟಿವಿಯ ಬುಡಕ್ಕೆ ತಂದು ಸ್ಟೂಲಿನ ಮೇಲಿಟ್ಟೆ. ಚಿತ್ರ ಬಂತು, 480ರಲ್ಲಿ. ಅದಕ್ಕಿಂತ ಮೇಲಕ್ಕೆ ಏರಲಿಲ್ಲ. ಕೆಲವು ಸೇವೆಗಳು ಬ್ರೌಸರ್‌ಗೆ ಒಳ್ಳೆಯ ಚಿತ್ರ ಕೊಡುವುದಿಲ್ಲ, ಅದೂ ಇದೇ ಕಳ್ಳತನದ ಭಯಕ್ಕೆ. ಹಣ ಕಟ್ಟಿದವನಿಗೂ ಇದೇ ಶಿಕ್ಷೆ ಏಕೆ ಎಂದು ನಾನು ಇವತ್ತಿಗೂ ಕೇಳುತ್ತಿದ್ದೇನೆ.

ಸರಿ, ಟಿವಿಯೊಳಗಿನ ಆ್ಯಪನ್ನೇ ತೆರೆದೆ. ಅಪ್‌ಡೇಟ್ ಕೇಳಿತು. ಆಮೇಲೆ ಪಾಸ್‌ವರ್ಡ್ ಕೇಳಿತು. ಆಮೇಲೆ ಒಟಿಪಿ ಕಳುಹಿಸಿದ್ದೇನೆ ಎಂದಿತು. ಕಳುಹಿಸಿದ್ದು ಅತ್ತಿಗೆಯ ಮೊಬೈಲಿಗೆ, ಅತ್ತಿಗೆಯ ಮೊಬೈಲ್ ಒಳಗಿನ ಕೋಣೆಯಲ್ಲಿ ಚಾರ್ಜಿಗಿತ್ತು. 71ನೇ ನಿಮಿಷದಲ್ಲಿ ಫ್ರಾನ್ಸ್ ಗ್ರೀಜ್ಮನ್‌ರನ್ನು ಹೊರಗೆ ಕರೆಸಿ ಕೋಮಾನ್‌ರನ್ನು ಇಳಿಸಿದ್ದು ನನಗೆ ಗೊತ್ತಾದದ್ದು ಮಾರನೆಯ ದಿನದ ಪತ್ರಿಕೆಯಿಂದ.

ಕೊನೆಗೆ ಬಂತು. ನಿಜವಾದ ಎಚ್‌ಡಿ. ಹುಲ್ಲಿನ ಪಟ್ಟೆಗಳು, ಅಂಗಿಯ ಹೊಲಿಗೆ, ಬೆವರು. "ಅಬ್ಬಾ" ಎಂದರು ಭಾವ. ಆ ಅಬ್ಬಾಕ್ಕೆ ಎರಡು ನಿಮಿಷದ ಆಯುಸ್ಸೂ ಇರಲಿಲ್ಲ. ಹುಲ್ಲು ಮೊದಲು ಹಸಿರು ಗಂಜಿಯಾಯಿತು, ಆಮೇಲೆ ಚೌಕ ಚೌಕವಾಯಿತು, ಆಮೇಲೆ ಆ ಚಕ್ರ.

ಇಂಟರ್ನೆಟ್ ಮೂಲಕ ಎಚ್‌ಡಿ ಪಂದ್ಯ ಬರಬೇಕಾದರೆ ಸೆಕೆಂಡಿಗೆ ಐದರಿಂದ ಎಂಟು ಮೆಗಾಬಿಟ್‌ನಷ್ಟು ನಿರಂತರವಾಗಿ ಹರಿಯುತ್ತಿರಬೇಕು. ನನ್ನ ಸಂಪರ್ಕ ನೂರರದ್ದು. ಆದರೆ ಆ ನೂರು ಇರುವುದು ರೌಟರಿನ ಬಾಯಿಯಲ್ಲಿ, ಟಿವಿಯ ಬೆನ್ನಿನಲ್ಲಲ್ಲ. ರೌಟರನ್ನು ಅಂದವಾಗಿ ಕಾಣಲಿ ಎಂದು ಬೀರುವಿನೊಳಗೆ ಇಟ್ಟಿದ್ದೆ. ಟಿವಿ ಅದರ 2.4 ಗಿಗಾಹರ್ಟ್ಸ್ ವೈಫೈ ಹಿಡಿದು ಕುಳಿತಿತ್ತು. ಅಕ್ಕಪಕ್ಕದ ಮನೆಗಳ ರೌಟರುಗಳೆಲ್ಲ ನುಗ್ಗಾಡುವ, ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಮೂರು ಇರುವ ಇಕ್ಕಟ್ಟಿನ ಓಣಿ ಅದು. ಇದರ ಮೇಲೆ ಬಂದ ನೆಂಟರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಟ್ಟು ಉಪಚರಿಸಿದ್ದೆ. ಒಳಗಿನ ಕೋಣೆಯಲ್ಲಿ ಮೂವರು ಮಕ್ಕಳು ಮೂರು ಮೊಬೈಲಿನಲ್ಲಿ ಇದೇ ಪಂದ್ಯ ನೋಡುತ್ತಿದ್ದರಂತೆ. ಟಿವಿಯಲ್ಲಿ ಚೆಂಡು ಕಾಣುವುದಿಲ್ಲ ಎಂದು ಎದ್ದು ಹೋದವರು ಅವರು.

ಈಗ ಹೇಳಲು ನಾಚಿಕೆಯಾಗುವ ಭಾಗ. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು, ಟಿವಿ ಮತ್ತೆ ಕೈಕೊಟ್ಟಿತು. ಮೊಬೈಲಿನಲ್ಲಿ ಹುಡುಕಿದಾಗ 'ಉಚಿತ, ನೇರ, ಪೂರ್ಣ ಎಚ್‌ಡಿ' ಎಂಬ ಕೊಂಡಿ ಸಿಕ್ಕಿತು. ಒತ್ತಿದೆ. ನಡುವೆ ತ್ರಿಕೋನದ ಗುಂಡಿ, ಹಿಂದೆ ಮಸುಕಾದ ಹಸಿರು ಮೈದಾನ. ಅದನ್ನೂ ಒತ್ತಿದೆ. ವಯಸ್ಸು ಖಚಿತಪಡಿಸಲು ಕಾರ್ಡ್ ಸಂಖ್ಯೆ ಬೇಕು, ಹಣ ಕಡಿತವಾಗುವುದಿಲ್ಲ ಎಂದಿತು. ಬೇರೆ ದಿನವಾಗಿದ್ದರೆ ಇಂಥದ್ದನ್ನು ಕಂಡು ನಗುತ್ತಿದ್ದೆ. ಇನ್ನೊಬ್ಬರಿಗೆ ಬುದ್ಧಿ ಹೇಳಿದ್ದೂ ಉಂಟು. ಅಂದು ಪಕ್ಕದ ಮನೆಯಿಂದ ಮತ್ತೊಂದು ಕೂಗು ಕೇಳಿಸಿತು, ನಾನು 16 ಅಂಕಿಗಳನ್ನೂ ಹಿಂಬದಿಯ ಮೂರನ್ನೂ ಟೈಪ್ ಮಾಡಿ ಕೊಟ್ಟೆ. ಮೈದಾನ ಮಸುಕಾಗಿಯೇ ಉಳಿಯಿತು. ಅದು ವಿಡಿಯೋ ಆಗಿರಲೇ ಇಲ್ಲ, ಒಂದು ಫೋಟೋ. ಮಲಗುವ ಹೊತ್ತಿಗೆ ಮೂರು ಎಸ್ಸೆಮ್ಮೆಸ್ ಬಂದವು, ಮೂರೂ ಹಣ ಕಡಿತದ್ದು. ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ನಿರ್ಬಂಧಿಸಿದೆ. ಎರಡು ತಡೆಯಲ್ಪಟ್ಟವು, ಮೊದಲನೆಯದು ಹೋದದ್ದು ಹೋಯಿತು. ಹಣ ಕಟ್ಟಿ ಪಡೆಯಬೇಕಾದ ಎಚ್‌ಡಿ ಚಂದಾಕ್ಕಿಂತ ಅದೇ ಎಷ್ಟೋ ಪಾಲು ಹೆಚ್ಚು.

ಉಳಿದ ಆಟವನ್ನು ಭಾವನ ಆರು ಇಂಚಿನ ಮೊಬೈಲಿನಲ್ಲಿ, ಮೊಬೈಲ್ ಡೇಟಾ ಹಾಕಿಕೊಂಡು, ಹನ್ನೊಂದು ತಲೆಗಳನ್ನು ಒಂದೆಡೆ ಜೋಡಿಸಿ ನೋಡಿದೆವು. 108ನೇ ನಿಮಿಷದಲ್ಲಿ ಮೆಸ್ಸಿ ಹೊಡೆದ ಚೆಂಡನ್ನು ಫ್ರಾನ್ಸ್‌ನ ಆಟಗಾರ ಜೂಲ್ಸ್ ಕೂಂಡೆ ಹೊರದಬ್ಬುವ ಮೊದಲೇ ಅದು ಗೆರೆ ದಾಟಿತ್ತೇ ಎಂದು ನಮ್ಮಲ್ಲೇ ಎರಡು ಪಕ್ಷವಾಯಿತು. ಆ ಪರದೆಯಲ್ಲಿ ಗೆರೆಯೂ ಕಾಣುತ್ತಿರಲಿಲ್ಲ. 118ರಲ್ಲಿ ಎಂಬಾಪೆಯ ಪೆನಾಲ್ಟಿ, 3–3. ಆಮೇಲೆ ಪೆನಾಲ್ಟಿ ಸರದಿ. ಅದರ ಹಿಂಸೆಯೇ ಬೇರೆ. ನೇರಪ್ರಸಾರವನ್ನು ಆ್ಯಪುಗಳು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳುಹಿಸುತ್ತವೆ, ಮೊಬೈಲು ಮೂರ್ನಾಲ್ಕು ತುಣುಕುಗಳನ್ನು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಹೀಗಾಗಿ ಅರ್ಧ ನಿಮಿಷದಷ್ಟು ಹಿಂದೆ ಬೀಳುವುದು ಸಾಮಾನ್ಯ. ಪಕ್ಕದ ಮನೆಯವರದು ಡಿಶ್. ಪ್ರತಿ ಒದೆತಕ್ಕೂ ಮೊದಲು ಗೋಡೆಯಾಚೆಯ ತೀರ್ಪು, ಆಮೇಲೆ ನಮ್ಮ ಆಟಗಾರ ಓಡಿ ಬರುವುದು. ಅರ್ಜೆಂಟೀನಾದ ಮೊಂಟಿಯೆಲ್ ಗೆಲುವಿನ ಒದೆತಕ್ಕೆ ಚೆಂಡನ್ನು ಇಟ್ಟು ಹಿಂದೆ ಸರಿಯುವ ಮುಂಚೆಯೇ ಬೀದಿಯಲ್ಲಿ ಕುಣಿತ ಕೇಳಿಸಿತ್ತು. 4–2. ನಮ್ಮಲ್ಲಿ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ.

ಈಗ ನಾನು ಮಾಡುವುದು ಇಷ್ಟು. ದೊಡ್ಡ ಪಂದ್ಯಕ್ಕೆ ಎರಡು ದಿನ ಮುಂಚೆ, ಅದೇ ಹೊತ್ತಿನಲ್ಲಿ, ಯಾವುದಾದರೂ ನೇರ ಪಂದ್ಯವನ್ನು ಅದೇ ಟಿವಿಯಲ್ಲಿ ಅರ್ಧ ಗಂಟೆ ಓಡಿಸುತ್ತೇನೆ. ಹಳೆಯ ಪಂದ್ಯದ ರೆಕಾರ್ಡಿಂಗ್ ಈ ಪರೀಕ್ಷೆಗೆ ಸಾಲದು, ಅದನ್ನು ಮುಂದಾಗಿಯೇ ಕೂಡಿಟ್ಟುಕೊಳ್ಳಬಹುದಾದ್ದರಿಂದ ಜಾಲ ಕುಂಟಿದರೂ ಅನೇಕ ವೇಳೆ ಚೆನ್ನಾಗಿಯೇ ಓಡುತ್ತದೆ. ಕ್ಯಾಮೆರಾ ಒಂದು ಗೋಲಿನಿಂದ ಇನ್ನೊಂದಕ್ಕೆ ಹೊರಳುವಾಗ ಹುಲ್ಲನ್ನೇ ನೋಡುತ್ತೇನೆ: ಪಟ್ಟೆಗಳು ಉಳಿದರೆ ಸರಿ, ಗಂಜಿಯಾದರೆ ಎಲ್ಲೋ ಸೋರಿಕೆ ಇದೆ. ರೌಟರಿನಿಂದ ಟಿವಿಗೆ ನೇರವಾಗಿ ಲ್ಯಾನ್ ತಂತಿ ಎಳೆದಿದ್ದೇನೆ, ಅದು ನೆಲದ ಮೇಲೆ ಹಾವಿನಂತೆ ಬಿದ್ದಿರುವುದರ ಬಗ್ಗೆ ಮನೆಯಲ್ಲಿ ಇನ್ನೂ ಅಸಮಾಧಾನವಿದೆ. ಲಾಗಿನ್, ಅಪ್‌ಡೇಟ್ ಎಲ್ಲವೂ ಹಿಂದಿನ ದಿನವೇ. ಸ್ಕೋರ್ ತಿಳಿಸುವ ಮೊಬೈಲ್ ಸೂಚನೆಗಳು ಬಂದ್. ಪಂದ್ಯ ಶುರುವಾದ ಮೇಲೆ ಚಿತ್ರ ಎಷ್ಟೇ ಮಂಕಾಗಿದ್ದರೂ ಯಾವ ತಂತಿಯನ್ನೂ ಮುಟ್ಟುವುದಿಲ್ಲ.

ಕೆಲವು ವಾರಗಳ ಮೇಲೆ ಆ ಪಂದ್ಯದ ಮರುಪ್ರಸಾರವನ್ನು ಒಬ್ಬನೇ ಕುಳಿತು ನೋಡಿದೆ. ಫ್ರಾನ್ಸ್‌ನ ಎರಡನೆಯ ಗೋಲಿಗೆ ಮೊದಲು ಕೋಮಾನ್ ಮೆಸ್ಸಿಯ ಕಾಲಿನಿಂದಲೇ ಚೆಂಡು ಕಸಿಯುತ್ತಾರೆ, ಅದು ಕೈ ಬದಲಾಗಿ ಗಾಳಿಯಲ್ಲಿ ತೇಲಿ ಎಂಬಾಪೆಯ ಬಳಿ ಬರುತ್ತದೆ, ಅವರು ನೆಲಕ್ಕೆ ಬೀಳಲು ಬಿಡದೆ ಒದೆಯುತ್ತಾರೆ. ಪೂರ್ತಿ ಎಚ್‌ಡಿ, ಚೆಂಡು ದುಂಡಗೆ, ಎಂಟೂ ಪಿಕ್ಸೆಲ್. ಗೋಡೆಯಾಚೆ ಮಾತ್ರ ಸದ್ದೇ ಇರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ, ಮೊನ್ನೆ ಭಾವ ಹೊಸ ಟಿವಿ ಕೊಂಡು ನೋಡಲು ಕರೆದಿದ್ದರು. ಚಿತ್ರ ಹೇಗಿದೆ ಎಂದು ಕೇಳಿದರು. ನಾನು ಮೊದಲು ಬಗ್ಗಿ ಅದರ ಹಿಂದೆ ನೋಡಿದೆ. ಹಳದಿ, ಕೆಂಪು, ಬಿಳಿ.