ನರ್ಸಿಂಗ್ ಫಸ್ಟ್ ಇಯರ್ ಕಿಟ್: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದನ್ನು ಬಿಡಬಹುದು

ಅಡ್ಮಿಷನ್ ಮುಗಿಯುತ್ತಿದ್ದಂತೆ ಮೈಸೂರಿನ ಕೆ.ಆರ್. ಆಸ್ಪತ್ರೆ ಆಸುಪಾಸಿನ ಸರ್ಜಿಕಲ್ ಅಂಗಡಿಗಳಲ್ಲಿ ‘ನರ್ಸಿಂಗ್ ಕಿಟ್’ ಕೇಳುವವರು ಹೆಚ್ಚಾಗುತ್ತಾರೆ. ಮಂಡ್ಯ, ಪಾಂಡವಪುರ, ಮಳವಳ್ಳಿ ಕಡೆಯ ಮಕ್ಕಳೂ ಇಲ್ಲಿ ಬಂದು ಕೊಳ್ಳುವುದುಂಟು. ಜಿಪ್ ಬ್ಯಾಗಿನೊಳಗೆ ಸ್ಟೆತಸ್ಕೋಪು, ಡಯಲ್ ಇರುವ ಬಿಪಿ ಆಪರೇಟಸ್, ಡಿಜಿಟಲ್ ಥರ್ಮಾಮೀಟರು, ಪೆನ್ ಟಾರ್ಚು, ಅಳತೆ ಟೇಪು, ಕತ್ತರಿ, ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಇಕ್ಕಳ), ನೀ ಹ್ಯಾಮರು (ಮಂಡಿ ತಟ್ಟಿ ನೋಡುವ ಪುಟ್ಟ ಸುತ್ತಿಗೆ) ಇರುತ್ತವೆ. ಅಂಗಡಿಯಿಂದ ಅಂಗಡಿಗೆ ಒಂದೆರಡು ಸಾಮಾನು ಹೆಚ್ಚುಕಮ್ಮಿ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಇಡೀ ಬ್ಯಾಗು ಕೊಳ್ಳಬೇಡಿ. ಬಿಪಿ ಆಪರೇಟಸ್, ಸ್ಟೆತಸ್ಕೋಪು, ಥರ್ಮಾಮೀಟರು ಮೂರನ್ನೂ ಬಿಡಿಬಿಡಿಯಾಗಿ, ಅಲ್ಲೇ ನಿಂತು ಪರೀಕ್ಷೆ ಮಾಡಿ ಕೊಳ್ಳಿ. ಉಳಿದ ದುಡ್ಡು ಸೆಕೆಂಡ್ ಮುಳ್ಳಿರುವ ವಾಚಿಗೆ ಹೋಗಲಿ.

ಹೆಚ್ಚು ಬಳಕೆಗೆ ಬರುವುದೂ, ಹೆಚ್ಚು ಕೈಕೊಡುವುದೂ ಬಿಪಿ ಆಪರೇಟಸ್ಸೇ. ಪೆಟ್ಟಿಗೆ ಬಿಚ್ಚಿಸಿ ನೋಡಿ. ಗಾಳಿ ಪೂರಾ ತೆಗೆದಾಗ ಮುಳ್ಳು ಸೊನ್ನೆಯ ಗುರುತಿನೊಳಗೇ ನಿಲ್ಲಬೇಕು. 4ರಲ್ಲೋ 6ರಲ್ಲೋ ನಿಂತರೆ ಬೇರೆ ಪೀಸ್ ತೆಗೆಸಿ. ‘ಬಳಸ್ತಾ ಬಳಸ್ತಾ ಸರಿಹೋಗುತ್ತೆ’ ಅಂದರೆ ನಂಬಬೇಡಿ, ಹೋಗುವುದಿಲ್ಲ. ಆಮೇಲೆ ಕಫ್ಫನ್ನು (ತೋಳಿಗೆ ಸುತ್ತುವ ಪಟ್ಟಿ) ಗಟ್ಟಿ ಬಾಟಲಿಗೆ ಸುತ್ತಿ, ಗಾಳಿ ಬಿಡುವ ವಾಲ್ವ್ ಬಿಗಿ ಮಾಡಿ, 200ರವರೆಗೆ ಗಾಳಿ ಹೊಡೆಯಿರಿ. ಬಟ್ಟೆ ಹಿಗ್ಗುವುದರಿಂದ ಮೊದಲ ಕೆಲವು ಸೆಕೆಂಡು ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಅದು ನಿಂತ ಮೇಲೆ ಒಂದು ನಿಮಿಷ ಕಾಯಿರಿ. 4 ಮಿ.ಮೀ.ಗಿಂತ (ಡಯಲಿನ ಅಂಕಿ ಪಾದರಸದ ಮಿ.ಮೀ. ಲೆಕ್ಕದ್ದು) ಹೆಚ್ಚು ಇಳಿದರೆ ವಾಲ್ವಿನಲ್ಲೋ, ಟ್ಯೂಬು ಸೇರುವ ಜಾಗದಲ್ಲೋ, ಕಫ್ಫಿನೊಳಗಿನ ಗಾಳಿ ಚೀಲವಾದ ಬ್ಲಾಡರಿನಲ್ಲೋ ಸೋರಿಕೆ ಇದೆ ಅಂತಲೇ ಅರ್ಥ.

ಕೊನೆಗೆ ವಾಲ್ವನ್ನು ಮೆಲ್ಲಗೆ ತಿರುಗಿಸಿ. ಮುಳ್ಳು ಸೆಕೆಂಡಿಗೆ 2–3 ಮಿ.ಮೀ. ಇಳಿಯುವಷ್ಟು ಹಿಡಿತ ಬೆರಳಿಗೆ ಸಿಗಬೇಕು. ಕಳಪೆ ವಾಲ್ವು ಕಚ್ಚಿಕೊಳ್ಳುತ್ತದೆ, ಇಲ್ಲವೇ ಬುಸ್ಸೆಂದು ಒಂದೇ ಸಲ ಗಾಳಿ ಬಿಡುತ್ತದೆ. ಹಾಗೆ ಬಿಟ್ಟರೆ ಸ್ಟೆತಸ್ಕೋಪಿನಲ್ಲಿ ರಕ್ತ ಹರಿಯುವ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಮುಳ್ಳು ಕೆಳಗೆ ಜಾರಿರುತ್ತದೆ. ಮೇಲಿನ ಅಂಕಿ (ಸದ್ದು ಶುರುವಾಗುವಾಗಿನದು) ಇರುವುದಕ್ಕಿಂತ ಕಮ್ಮಿ ಬರುತ್ತದೆ, ಕೆಳಗಿನದು (ಸದ್ದು ನಿಲ್ಲುವಾಗಿನದು) ಜಾಸ್ತಿ ಬರುತ್ತದೆ.

ಕಫ್ ಗಾತ್ರವನ್ನು ಅಂಗಡಿಯವರು ಕೇಳುವುದೇ ಇಲ್ಲ, ನೀವೇ ಕೇಳಬೇಕು. ಒಳಗಿನ ಬ್ಲಾಡರಿನ ಉದ್ದ ತೋಳಿನ ಸುತ್ತಳತೆಯ ಶೇ. 80, ಅಗಲ ಶೇ. 40 ಇರಬೇಕು. ಟೇಪು ಹಿಡಿದು ಅಳೆಯಿರಿ: ಉದ್ದ 22 ಸೆಂ.ಮೀ. ಇದ್ದರೆ ಸುಮಾರು 27 ಸೆಂ.ಮೀ. ತೋಳಿನ ತನಕ ಸಾಕಾಗುತ್ತದೆ. ದಪ್ಪ ತೋಳಿಗೆ ಅದನ್ನೇ ಕಟ್ಟಿದರೆ ಇಲ್ಲದ ಬಿಪಿ ಇದೆ ಅಂತ ತೋರಿಸುತ್ತದೆ. ಸಣಕಲು ತೋಳಿಗೆ ದೊಡ್ಡ ಕಫ್ ಕಟ್ಟಿದರೆ ಇರುವ ಬಿಪಿ ಮುಚ್ಚಿಹೋಗುತ್ತದೆ.

ಬಿಪಿ ನೋಡುವುದು ಹೇಗೆಂದು ಪೆಟ್ಟಿಗೆಯಲ್ಲಿರುವ ಸಣ್ಣಕ್ಷರದ ಚೀಟಿಯನ್ನು ನೆಚ್ಚಿಕೊಂಡು ವಾರ್ಡಿಗೆ ಹೋಗಬೇಡಿ. ರೋಗಿ ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂತಿರಬೇಕು. ‘ಅಜ್ಜಿ, ಕಾಲ್ ಮೇಲೆ ಕಾಲ್ ಹಾಕ್ಬೇಡಿ, ಒಂದ್ನಿಮಿಷ ಮಾತಾಡ್ಬೇಡಿ’ ಅಂತ ಹೇಳಲೇಬೇಕು, ಎರಡರಿಂದಲೂ ಅಂಕಿ ಏರುತ್ತದೆ. ತೋಳು ಎದೆಯ ಮಟ್ಟದಲ್ಲಿರಲಿ. ಕೆಳಗೆ ಜೋತುಬಿದ್ದರೆ ಆಗಲೂ ಜಾಸ್ತಿ ತೋರಿಸುತ್ತದೆ. ನಮ್ಮ ಕಡೆ ಹೆಂಗಸರ ರವಿಕೆಯ ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ, ಅದರ ಕೆಳಗೆ ಕಫ್ ಕಟ್ಟುವ ರೂಢಿ ಇದೆ. ಆ ಸುರುಳಿಯೇ ತೋಳನ್ನು ಹಿಂಡುತ್ತದೆ, ಅಳತೆ ಕೆಡುತ್ತದೆ. ಪರದೆ ಎಳೆದು ತೋಳು ಬಿಡಿಸಿಕೊಳ್ಳಲು ಹೇಳುವುದೇ ಸರಿ.

ಕಫ್ಫಿನ ಕೆಳ ಅಂಚು ಮೊಣಕೈ ಮಡಿಕೆಯಿಂದ 2–3 ಸೆಂ.ಮೀ. ಮೇಲಿರಬೇಕು. ಮಣಿಕಟ್ಟಿನ ನಾಡಿ ಹಿಡಿದೇ ಗಾಳಿ ಹೊಡೆದು, ನಾಡಿ ನಿಂತ ಮೇಲೆ ಇನ್ನೂ 30 ಮಿ.ಮೀ. ಏರಿಸಿ ಇಳಿಸುತ್ತ ಬನ್ನಿ. ಕೆಲವರಲ್ಲಿ ಸದ್ದು ನಡುವೆ ಮಾಯವಾಗಿ ಮತ್ತೆ ಬರುತ್ತದೆ. ನಾಡಿ ನೋಡದೆ ಅಂದಾಜಿಗೆ ಗಾಳಿ ಹೊಡೆದವರು ಆ ಎರಡನೇ ಸದ್ದನ್ನೇ ಮೇಲಿನ ಬಿಪಿ ಅಂತ ಬರೆದುಬಿಡುತ್ತಾರೆ.

ಸ್ಟೆತಸ್ಕೋಪಿಗೆ ಮೊದಲ ವರ್ಷ ಸಾವಿರಾರು ರೂಪಾಯಿ ಸುರಿಯುವುದು ಬೇಡ. ಟ್ಯೂಬು ದಪ್ಪಗಿರಲಿ, ಡಯಾಫ್ರಮ್ (ಮೈಗೆ ಒತ್ತುವ ತೆಳು ಬಿಲ್ಲೆ) ಬಿರುಕಿಲ್ಲದಿರಲಿ, ಇಯರ್‌ಟಿಪ್ ಮೆತ್ತಗಿದ್ದು ಕಿವಿ ತುಂಬ ಕೂರಲಿ, ಅಷ್ಟು ಸಾಕು. ಇಯರ್‌ಟಿಪ್ ಮೂಗಿನ ಕಡೆಗೆ ಮುಖ ಮಾಡಿರಬೇಕು. ‘ಏನೂ ಕೇಳಿಸ್ತಿಲ್ಲ ಮೇಡಂ’ ಅಂತ ದೂರುವವರಲ್ಲಿ ಬಹಳ ಮಂದಿ ಅದನ್ನು ತಿರುವುಮುರುವಾಗಿ ಹಾಕಿಕೊಂಡಿರುತ್ತಾರೆ, ಇಲ್ಲವೇ ಚೆಸ್ಟ್‌ಪೀಸು (ಡಯಾಫ್ರಮ್ ಇರುವ ಎರಡು ಬದಿಯ ತುದಿ) ಇನ್ನೊಂದು ಬದಿಗೆ ತಿರುಗಿರುತ್ತದೆ. ಡಯಾಫ್ರಮ್ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದರೆ ಯಾವ ಬದಿ ತೆರೆದಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಥರ್ಮಾಮೀಟರು ಡಿಜಿಟಲ್ಲೇ ಇರಲಿ. ಪಾದರಸದ್ದು ಕೊಡಲು ಬಂದರೆ ಬೇಡವೆನ್ನಿ. ಒಡೆದರೆ ಅದರ ಹಬೆ ವಿಷ. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತವೂ 2018ರಲ್ಲಿ ಅನುಮೋದಿಸಿದೆ. ಕಂಕುಳಲ್ಲಿ ಇಟ್ಟಾಗ ಬೆವರು ಒರೆಸಿ ಇಡಿ. ಬಾಯಿಯದಕ್ಕಿಂತ ಸುಮಾರು 1 ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ ಬರುತ್ತದೆ, ಹಾಗಾಗಿ ಎಲ್ಲಿ ಇಟ್ಟಿದ್ದೆಂದು ಚಾರ್ಟಿನಲ್ಲಿ ಬರೆಯಬೇಕು.

ವಾಚು ಕಿಟ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮಗೆ ಇದೇ ದೊಡ್ಡ ಕೊರತೆ ಅನ್ನಿಸುತ್ತದೆ. ಯೂನಿಫಾರ್ಮಿಗೆ ಪಿನ್ ಮಾಡುವ ಫಾಬ್ ವಾಚ್ ಒಳ್ಳೆಯದು, ಮಣಿಕಟ್ಟು ಬರಿದಾಗಿದ್ದರೆ ಕೈ ಸರಿಯಾಗಿ ತೊಳೆಯಬಹುದು. ಉಸಿರಾಟವನ್ನು ಪೂರ್ತಿ 1 ನಿಮಿಷ ಎಣಿಸಬೇಕು, ಅದೂ ರೋಗಿಗೆ ತಿಳಿಯದ ಹಾಗೆ. ನಾಡಿ ಹಿಡಿದುಕೊಂಡೇ ಎದೆಯ ಏರಿಳಿತ ನೋಡಿ. ಡ್ರಿಪ್ ಲೆಕ್ಕಕ್ಕೂ ಇದೇ ವಾಚು. 1 ಮಿ.ಲೀ.ಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ (ಬಾಟಲಿಗೆ ಜೋಡಿಸುವ ಟ್ಯೂಬು) 500 ಮಿ.ಲೀ. 4 ಗಂಟೆಯಲ್ಲಿ ಹೋಗಬೇಕಾದರೆ: 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ, ನಿಮಿಷಕ್ಕೆ 42 ಹನಿ. ಸೆಟ್ಟಿನ ಪ್ಯಾಕೆಟ್ ಮೇಲೆ ಹನಿ ಸಂಖ್ಯೆ ಅಚ್ಚಾಗಿರುತ್ತದೆ, ಓದಿಯೇ ಲೆಕ್ಕ ಹಾಕಿ. ಸಣ್ಣ ಹನಿಯ ಮೈಕ್ರೋ ಸೆಟ್ಟಿನಲ್ಲಿ 1 ಮಿ.ಲೀ.ಗೆ 60 ಹನಿ.

ಕತ್ತರಿ, ಫೋರ್ಸೆಪ್ಸ್ ಕೊಳ್ಳಲೇಬೇಕೆಂದು ಕಾಲೇಜು ಪಟ್ಟಿ ಕೊಟ್ಟಿದ್ದರೆ ಮಾತ್ರ ಕೊಳ್ಳಿ. ಫೋರ್ಸೆಪ್ಸ್ ಮುಚ್ಚಿ ಬೆಳಕಿಗೆ ಹಿಡಿದರೆ ತುದಿಯಲ್ಲಿ ಸಂದು ಕಾಣಬಾರದು. ಹೈಪೋಕ್ಲೋರೈಟ್ (ಸೋಂಕು ತೊಳೆಯುವ ಬ್ಲೀಚ್) ದ್ರಾವಣದಲ್ಲಿ ಹೆಚ್ಚು ಹೊತ್ತು ಮುಳುಗಿಸಿಟ್ಟರೆ ಸ್ಟೀಲಿಗೂ ತುಕ್ಕಿನ ಚುಕ್ಕೆ ಬೀಳುತ್ತದೆ. ನೀ ಹ್ಯಾಮರು ಈಗ ಬೇಡ, ಕಾಲೇಜಿನ ಲ್ಯಾಬಿನದೇ ಸಾಕು.

ಬಿಲ್ಲು ಕೇಳಿ ಪಡೆಯಿರಿ, ಬಿಪಿ ಆಪರೇಟಸ್ಸಿನ ಸೀರಿಯಲ್ ನಂಬರು ಅದರ ಮೇಲೆ ಬರೆಸಿ. ಬ್ಲಾಡರು, ಬಲ್ಬು, ವಾಲ್ವು ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ. ಡಯಲ್ ಮೀಟರು ಒಮ್ಮೆ ಕೆಳಗೆ ಬಿದ್ದರೂ ಅಳತೆ ತಪ್ಪಬಹುದು. ಹಾಗೆ ಬಿದ್ದಾಗ, ಬೀಳದಿದ್ದರೂ ಆರು ತಿಂಗಳಿಗೊಮ್ಮೆ, ಆಸ್ಪತ್ರೆಯ ಕ್ಯಾಲಿಬ್ರೇಟ್ ಆದ ಮೀಟರಿನ ಜೊತೆ ವೈ ಆಕಾರದ ಟ್ಯೂಬಿನಿಂದ ಜೋಡಿಸಿ, ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನಿಮ್ಮ ಟ್ಯೂಟರ್ ಹತ್ತಿರ ನೋಡಿಸಿಕೊಳ್ಳಿ.